ಶ್ರೀಕಾರದ ಕೆಳಗಿನ ತಗಡು

ತಪ್ಪು ಮಾಡುವಾಗ ನನ್ನ ಗಂಟಲಿಗೆ ಎಲ್ಲಿಲ್ಲದ ಶಕ್ತಿ ಬರುತ್ತದೆ. ಒಪ್ಪಿಕೊಳ್ಳುವಾಗ ಮಾತ್ರ ಕಫ ಕಟ್ಟುತ್ತದೆ. ಬಸವಕಲ್ಯಾಣದಲ್ಲಿ ಸಣ್ಣದೊಂದು ಲೇತ್ ವರ್ಕ್‌ಶಾಪ್ ಇಟ್ಟುಕೊಂಡು, ನಾಲ್ಕು ಜನರಿಂದ ‘ಉಸ್ತಾದ್ರ’ ಅನ್ನಿಸಿಕೊಳ್ಳುವವನಿಗೆ ಈ ಕಾಯಿಲೆ ಇರಬಾರದು. ಇದೆ, ಏನು ಮಾಡಲಿ.

ಹುಮನಾಬಾದಿನ ಖಾದರ್ ಚಾಚಾ ಹಳೇ ಯಂತ್ರಗಳ ವ್ಯಾಪಾರಿ. ನನ್ನ ವರ್ಕ್‌ಶಾಪಿನ ಅರ್ಧ ಸಾಮಾನು ಅವರ ಅಂಗಡಿಯದೇ. ಈ ಸಲ ಅವರಲ್ಲಿಂದ ಒಂದು ಟೂಲ್ ಚೇಂಜರ್ ತಂದೆ. ಲೇತಿನ ಮೇಲೆ ಕೂತು, ತಾನೇ ತಿರುಗಿ, ಬೇಕಾದ ಟೂಲನ್ನು ಮುಂದೆ ತಂದು ನಿಲ್ಲಿಸುವ ಕಬ್ಬಿಣದ ತಲೆ ಅದು. ಪೂಜೆಯಾಗದ ಯಂತ್ರಕ್ಕೆ ಕರೆಂಟ್ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಟೆಂಪೋದಿಂದ ಇಳಿಸಿದವನೇ ಕಾಯಿ ಒಡೆದು, ಶ್ರೀ ಬರೆಯಲು ಜಾಗ ಹುಡುಕಿದೆ. ಎಲ್ಲ ಕಡೆ ಎಣ್ಣೆ ಜಿಡ್ಡು. ಅಂಗೈಯಗಲದ ಒಂದು ಚೌಕ ಮಾತ್ರ ನುಣ್ಣಗಿತ್ತು. ದೇವರೇ ತೋರಿಸಿದ ಜಾಗ ಎಂದು ಅದಕ್ಕೆ ದಪ್ಪಗೆ ಬಿಳಿ ಬಣ್ಣ ಬಳಿದು, ಮೇಲೆ ಕೆಂಪಿನಲ್ಲಿ ಶ್ರೀ ಬರೆದೆ. ಒಣಗಲಿ ಎಂದು ಬಿಟ್ಟವನು ಬೇರೆ ಕೆಲಸದಲ್ಲಿ ಹದಿನೈದು ದಿನ ಅದನ್ನು ಮರೆತೇಬಿಟ್ಟೆ.

ಆಮೇಲೆ ವೈರಿಂಗಿಗೆ ಕೂತರೆ, ಯಾವ ಕಂಪನಿ, ಯಾವ ಮಾಡೆಲ್, ಯಾವ ಬಣ್ಣದ ವೈರು ಎಲ್ಲಿಗೆ ಎಂದು ಹೇಳುವ ಗುರುತಿನ ತಗಡೇ ಇಲ್ಲ. ಅಂದಾಜಿನ ಮೇಲೆ ಮೋಟಾರಿನ ಮೂರು ವೈರು ಜೋಡಿಸಿದೆ. ತಲೆ ಗುರ್ ಎಂದಿತೇ ಹೊರತು ತಿರುಗಲಿಲ್ಲ. ನನ್ನ ತಲೆ ತಿರುಗಿತು. ನೆಟ್ಟಗೆ ಹುಮನಾಬಾದಿಗೆ ಹೋಗಿ, ಗಿರಾಕಿಗಳು ತುಂಬಿದ ಅಂಗಡಿಯಲ್ಲಿ ಕೂಗಾಡಿದೆ.

“ಗುರುತಿನ ತಗಡು ಕಿತ್ತು ಮಾಲು ಮಾರ್ತೀರೇನ್ ಚಾಚಾ? ಸುಟ್ಟ ಮೋಟಾರ್ ಕೊಟ್ಟು ಮೋಸ ಮಾಡೀರಿ.”

ರಾಜೇಶ್ವರದ ಒಬ್ಬ ರೈತ ಕೊಳ್ಳಲೆಂದು ನೋಡುತ್ತಿದ್ದ ಪಂಪನ್ನು ಮೆಲ್ಲಗೆ ಕೆಳಗಿಟ್ಟು ಹೊರಟುಹೋದ. ಚಾಚಾ ಅವನು ಹೋದ ದಾರಿಯನ್ನೇ ನೋಡಿ, “ನಾಳೆ ಬಂದು ನೋಡ್ತೇನ್ರಿ” ಅಂದರು, ಅಷ್ಟೇ.

ಮರುದಿನ ಬಸ್ಸಿಳಿದು ಬಂದರು. ಯಂತ್ರಕ್ಕೆ ಒಂದು ಸುತ್ತು ಹಾಕಿ ನನ್ನ ಶ್ರೀಕಾರದ ಮುಂದೆ ನಿಂತರು.

“ತಗಡು ಇದರ ಕೆಳಗ ಅದರಿ ಉಸ್ತಾದ್ರ. ದೇವ್ರ ಹೆಸರು ಬರದೀರಿ, ನಾ ಕೈ ಹಚ್ಚಂಗಿಲ್ಲ. ನೀವೇ ಒರಸ್ರಿ.”

ಕೈಮುಗಿದು ದೇವರ ಕ್ಷಮೆ ಕೇಳಿ ಥಿನ್ನರ್ ಹಾಕಿ ಒರೆಸಿದೆ. ಎದುರಿಗೇ ಇದ್ದ ಚಾಚಾನ ಕ್ಷಮೆ ಕೇಳಲಿಲ್ಲ. ಕಂಪನಿ, ಮಾಡೆಲ್, ವೈರಿನ ಬಣ್ಣ, ಎಲ್ಲವೂ ಒಂದೊಂದಾಗಿ ಮೇಲೆದ್ದು ಬಂದವು. ನಾನು ಅದಲುಬದಲು ಮಾಡಿದ್ದ ಎರಡು ವೈರು ಸರಿಪಡಿಸಿದ ಕೂಡಲೇ ತಲೆ ಟಕ್ ಟಕ್ ಎಂದು ತಿರುಗಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಚಹಾ ತಂದ ನನ್ನ ಹೆಂಡತಿ, “ಏನಾಗಿತ್ರಿ ಚಾಚಾ?” ಎಂದು ಕೇಳಿದಳು.

“ಏನಿಲ್ಲವ್ವ, ವೈರ್ ಸಡ್ಲ ಆಗಿತ್ತು.”

ನನ್ನ ಮಾನ ಉಳಿಸಿದ ಆ ಮಾತು ವಾರವಿಡೀ ನನಗೆ ಊಟ ಸೇರದಂತೆ ಮಾಡಿತು. ಕೊನೆಗೆ ಮತ್ತೆ ಅವರ ಅಂಗಡಿಗೆ ಹೋದೆ. ಅವತ್ತೂ ಗಿರಾಕಿಗಳಿದ್ದರು. ಬಗ್ಗಿ, ಕಿವಿಯ ಹತ್ತಿರ, “ತಪ್ಪು ನಂದೇರಿ ಚಾಚಾ” ಅಂದೆ.

ಒರೆಸುತ್ತಿದ್ದ ಬೇರಿಂಗಿನಿಂದ ಅವರು ತಲೆ ಎತ್ತಲಿಲ್ಲ. “ಜರಾ ಜೋರಾಗಿ ಹೇಳ್ರಿ ಉಸ್ತಾದ್ರ. ಅವತ್ತು ಛಲೋ ಕೇಳಿಸಿತ್ತು.”

ಎರಡು ಸಲ ಕೆಮ್ಮಿ, ರಸ್ತೆಯವರೆಗೂ ಕೇಳುವ ಹಾಗೆ ಹೇಳಿದೆ. ರಾಜೇಶ್ವರದ ಆ ರೈತ ಮಾತ್ರ ಅಲ್ಲಿರಲಿಲ್ಲ. ಅವನಿಗೂ ಮುಟ್ಟಲಿ ಎಂದು ಇದನ್ನು ಬರೆದಿದ್ದೇನೆ. ಬರೆಯುವುದಕ್ಕೆ ಗಂಟಲು ಬೇಕಾಗಿಲ್ಲ ನೋಡಿ.