ಬೇವಿನವಾಡಿಗೆ ಎರಡನೇ ಮಾಸ್ತರ

ಆ ದಿನದ ಫಜೀತಿಗೆಲ್ಲ ಮೂಲ ಹಲಗೆಯ ಮೇಲೆ ಬರೆದ ಒಂದೇ ಒಂದು ಸಾಲು.

ಬೇವಿನವಾಡಿಯದು ಏಕೋಪಾಧ್ಯಾಯ ಶಾಲೆ. ಬಬಲೇಶ್ವರದಿಂದ ಮಮದಾಪುರಕ್ಕೆ ಹೋಗುವ ಬಸ್ಸಿನಿಂದ ನಡುದಾರಿಯಲ್ಲಿ ಇಳಿದು, ಎರೆಹೊಲದಲ್ಲಿ ಎರಡು ಮೈಲು ನಡೆದರೆ ಊರು. ಊರಿಗೆ ಅರವತ್ತು ಮನೆ, ಒಂದು ಹನುಮಂತದೇವರ ಗುಡಿ, ಗುಡಿಗೆ ಆತುಕೊಂಡು ಒಂದು ಕೋಣೆ. ಆ ಕೋಣೆಯೇ ಶಾಲೆ. ಅದರ ಒಂದು ಮೂಲೆ ತುಕಾರಾಮ ಮಾಸ್ತರರ ಮನೆ. ನಾಲ್ಕೂ ಇಯತ್ತೆಗಳಿಗೆ ಗುರುಗಳು ಅವರೇ, ಮುಖ್ಯ ಗುರುಗಳೂ ಅವರೇ, ಗಂಟೆ ಹೊಡೆಯುವ ಸಿಪಾಯಿಯೂ ಅವರೇ. ಒಮ್ಮೆ ಜ್ವರ ಬಂದಾಗ ಮುಖ್ಯ ಗುರುಗಳಿಗೆ ಸೂಟಿಯ ಅರ್ಜಿ ಬರೆದು, ಬದಲಿ ಶಿಕ್ಷಕರಿಲ್ಲದ ಕಾರಣ ತಾವೇ ಅದನ್ನು ನಾಮಂಜೂರು ಮಾಡಿಕೊಂಡಿದ್ದರು.

ಶಾಲೆಯ ಹೊರಗೋಡೆಗೆ ಒಂದು ಕರಿಹಲಗೆ. ಎಡಕ್ಕೆ ‘ಶಾಲೆಯ ಸುದ್ದಿ’, ಬಲಕ್ಕೆ ‘ಮುಂದಿನ ಕಾರ್ಯಕ್ರಮಗಳು’. ಬರೆಯಿರಿ ಎಂದು ಯಾರೂ ಹೇಳಿರಲಿಲ್ಲ. ಆದರೂ ಮಾಸ್ತರರು ದಿನಾ ಬರೆಯುತ್ತಿದ್ದರು. ‘ಸುದ್ದಿ: ಎರಡನೇ ಇಯತ್ತೆಯ ಸೀತವ್ವಳ ಮುಂದಿನ ಹಲ್ಲು ನಿನ್ನೆ ಬಿದ್ದಿದೆ. ಕಾರ್ಯಕ್ರಮ: ಶನಿವಾರ ಶಾಲೆ ಸಾರಿಸುವುದು.’ ಇದನ್ನು ಓದುವವರೂ ಅವರೊಬ್ಬರೇ. ಸಂಜೆ ಕೈಕಾಲು ತೊಳೆದುಕೊಂಡು ಹಲಗೆಯ ಮುಂದೆ ನಿಂತು, ಬೇರೆ ಯಾರೋ ಬರೆದಿಟ್ಟು ಹೋದಂತೆ ಓದಿ, “ಹೌದೇನು? ಛಲೋ ಆತು” ಎಂದು ಒಳಗೆ ಹೋಗುತ್ತಿದ್ದರು.

ಹಾಗೆಂದು ಊರಿನವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾದರೂ ಆಗುತ್ತಿತ್ತು. ಅವರು ಮಾಸ್ತರರಿಗೆ ಗೌರವ ಕೊಡುತ್ತಿದ್ದರು, ಅದೇ ದೊಡ್ಡ ತ್ರಾಸು. ಸಂಜೆ ಗುಡಿಯ ಕಟ್ಟೆಯ ಮೇಲೆ ನಗೆ ಕೇಳಿಸಿತೆಂದು ಇವರು ಹೋದರೆ ಎಲ್ಲರೂ ಎದ್ದು ನಿಂತು, “ಬರ್ರಿ ಮಾಸ್ತರ, ಕುಂದರ್ರಿ” ಎನ್ನುವರು. ಆಮೇಲೆ ಒಬ್ಬರೂ ಬಾಯಿ ಬಿಡುವುದಿಲ್ಲ. ಒಬ್ಬ ಕೆಮ್ಮುವನು, ಇನ್ನೊಬ್ಬನಿಗೆ ಎಮ್ಮೆ ಕಟ್ಟುವುದು ನೆನಪಾಗುವುದು. ಹತ್ತು ನಿಮಿಷದಲ್ಲಿ ಕಟ್ಟೆಯ ಮೇಲೆ ಉಳಿಯುವವರು ಹನುಮಂತದೇವರು ಮತ್ತು ಮಾಸ್ತರರು. ವಿಜಾಪುರದಲ್ಲಿ ಸಿದ್ಧೇಶ್ವರ ಗುಡಿಯ ಓಣಿಯಲ್ಲಿ ಬೆಳೆದ ಜೀವ ಅದು. ಅಲ್ಲಿ ಪ್ರತಿ ತಿರುವಿನಲ್ಲೂ “ಲೇ ತುಕ್ಯಾ” ಎಂದು ಯಾರಾದರೂ ಕೂಗುತ್ತಿದ್ದರು. ಇಲ್ಲಿಗೆ ಬಂದು ಮೂರು ವರ್ಷವಾಯಿತು. ಒಬ್ಬರೂ ಅವರನ್ನು ಹೆಸರು ಹಿಡಿದು ಕರೆದಿಲ್ಲ, ಒಬ್ಬರೂ ಬಯ್ದಿಲ್ಲ. ಬಯ್ಯುವವರಿಲ್ಲದ ಮನುಷ್ಯ ಎಷ್ಟು ಒಂಟಿ ಎಂಬುದು ಬಯ್ಸಿಕೊಳ್ಳುವವರಿಗೆ ತಿಳಿಯುವುದಿಲ್ಲ.

ಇದಕ್ಕೆಲ್ಲ ಒಂದೇ ಮದ್ದು, ಎರಡನೇ ಮಾಸ್ತರ. ಹೋದ ವರ್ಷ ತಪಾಸಣೆಗೆ ಬಂದ ಸಾಹೇಬರು ಸ್ಪಷ್ಟವಾಗಿ ಹೇಳಿ ಹೋಗಿದ್ದರು: “ನಾ ಬಂದ ದಿನ ನಲವತ್ತು ತಲಿ ತೋರಿಸ್ರಿ, ಇನ್ನೊಬ್ಬ ಮಾಸ್ತರನ್ನ ಕಳಸ್ತೇನಿ.” ಹಾಜರಿ ಪುಸ್ತಕದಲ್ಲಿ ನಲವತ್ತೆರಡು ಹೆಸರುಗಳಿದ್ದವು. ಆದರೆ ಅದು ಅರವತ್ತೆರಡನೇ ಇಸವಿಯ ಸುಗ್ಗಿಯ ಕಾಲ. ಅರ್ಧಕ್ಕರ್ಧ ಹೆಸರುಗಳು ಜೋಳದ ಹೊಲದಲ್ಲಿದ್ದವು.

ಸಾಹೇಬರು ನಾಳೆ ಬರುತ್ತಾರೆಂದು ಕಾರ್ಡು ಬಂದದ್ದೇ ತಡ, ಮಾಸ್ತರರು ಹಲಗೆಗೆ ಆ ಒಂದು ಸಾಲು ಸೇರಿಸಿದರು: ‘ನಾಳೆ ಸಾಹೇಬರ ಭೇಟಿ. ಹಾಜರಿದ್ದ ಮಕ್ಕಳಿಗೆಲ್ಲ ಹಾಲು.’ ಶಾಲೆಗೆಂದು ಪರದೇಶದಿಂದ ಬಂದ ಹಾಲಿನ ಪುಡಿಯ ಒಂದು ಡಬ್ಬಿ ಮೂಲೆಯಲ್ಲಿತ್ತು. ಸುಗ್ಗಿಯಲ್ಲಿದ್ದ ಮಕ್ಕಳು ಹಾಲಿನ ಆಸೆಗಾದರೂ ಬಂದಾರೆಂದು ಅವರ ಲೆಕ್ಕ. ಹಲಗೆ ಓದುವವರಿಲ್ಲವೆಂದು, ಅಂದು ಶಾಲೆಯಲ್ಲಿದ್ದ ಮಕ್ಕಳ ಬಾಯಲ್ಲೂ ಊರಿಗೆಲ್ಲ ಹೇಳಿ ಕಳಿಸಿದರು.

ಮರುದಿನ ಹತ್ತು ಗಂಟೆಗೆ ಬಂದವರು ಹತ್ತೊಂಬತ್ತು ಮಕ್ಕಳು. ಸಾಹೇಬರನ್ನು ಕರೆತರಲು ಶಿವಯೋಗೆಪ್ಪ ಗೌಡರ ಚಕ್ಕಡಿ ಆಗಲೇ ಬಸ್ಸಿನ ದಾರಿಗೆ ಹೋಗಿತ್ತು.

ದಿನಾ ರೊಟ್ಟಿಯ ಡಬ್ಬಿ ತರುವ ಪರಸವ್ವ ಮಾಸ್ತರರ ಮುಖ ನೋಡಿ ಬಾಗಿಲಲ್ಲೇ ನಿಂತಳು. “ಯಾಕ್ರಿ ಮಾಸ್ತರ, ಯಾರರ ಸತ್ತಾರೇನ್ರಿ?”

“ಯಾರೂ ಸತ್ತಿಲ್ಲ ಪರಸವ್ವ. ನಲವತ್ತು ತಲಿ ಬೇಕು, ಹತ್ತೊಂಬತ್ತು ಅದಾವ. ಇಲ್ಲಂದ್ರ ಎರಡನೇ ಮಾಸ್ತರ ಬರಂಗಿಲ್ಲ.”

“ಬಂದ್ರ ನನಗ ಇನ್ನೊಂದು ಡಬ್ಬಿ ರೊಟ್ಟಿ ಹೆಚ್ಚಾತು,” ಎಂದಳು ಪರಸವ್ವ. ಆಮೇಲೆ ಡಬ್ಬಿ ಒಳಗಿಟ್ಟು, “ಆಗಲಿ ಬಿಡ್ರಿ. ದಿನಾ ಗ್ವಾಡಿ ನೋಡಕೋಂತ ಉಣ್ತೀರಿ. ನೋಡಿದ್ರ ನನಗ ರೊಟ್ಟಿ ಬಡಿಯಾಕ ಮನಸ ಬರಂಗಿಲ್ಲ. ತಲಿ ತಾನ ಬೇಕು? ತಡೀರಿ.”

“ಏನು ಮಾಡಾಕ ಹೊಂಟಿ?” ಎಂದು ಮಾಸ್ತರರು ಕೇಳುವಷ್ಟರಲ್ಲಿ ಅವಳು ಸೀರೆಯ ಕಚ್ಚೆ ಬಿಗಿದು ಹೊಲದ ಕಡೆ ನಡೆದಿದ್ದಳು.

ಗೌಡರ ಹೊಲದಲ್ಲಿ ಎಂಟು ದಿನದಿಂದ ಕುರಿಗಾರರ ಹಟ್ಟಿ ಬಿಡಾರ ಮಾಡಿತ್ತು. ಫಸಲು ತೆಗೆದ ಹೊಲದಲ್ಲಿ ಕುರಿ ತರುಬಿದರೆ ಹೊಲಕ್ಕೆ ಗೊಬ್ಬರ, ಕುರಿಗಾರರಿಗೆ ಕಾಳು. ಹಟ್ಟಿಯ ಹಿರಿಯ ಅಮೋಘಿಗೆ ಪರಸವ್ವ ಹಾಲಿನ ಆಸೆ ತೋರಿಸಿದಳು. ಅಮೋಘಿ ನಕ್ಕ. “ಕುರಿ ಕಾಯೂ ಮಂದಿಗೆ ಹಾಲು ತೋರಸ್ತೀ ಏನಬೇ?”

“ಇದು ಕುರಿ ಹಾಲಲ್ಲೋ ಯಪ್ಪಾ, ಪುಡಿ ಹಾಲು. ಡಬ್ಬ್ಯಾಗ ಹಿಟ್ಟಿನಂಗ ಇರ್ತೈತಿ, ನೀರು ಹಾಕಿದ್ರ ಹಾಲು ಆಕ್ಕೈತಿ.”

“ಕುರಿ ಇಲ್ದ ಹಾಲು?” ಅಮೋಘಿಯ ನಗೆ ನಿಂತಿತು. ಅವನ ಹೊಟ್ಟೆಯ ಮೇಲೇ ಯಾರೋ ಕಲ್ಲು ಹಾಕಿದಂತಾಯಿತು. ಆ ದಿನ ಮರಿ ಕಾಯುವ ಕೆಲಸ ಹೆಂಗಸರಿಗೆ ಒಪ್ಪಿಸಿ, ಹಟ್ಟಿಯ ಇಪ್ಪತ್ತು ಮಕ್ಕಳನ್ನೂ ಎಬ್ಬಿಸಿಕೊಂಡು ಆ ಅನಾಹುತವನ್ನು ಕಣ್ಣಾರೆ ನೋಡಲು ತಾನೂ ಹೊರಟ.

ಇಪ್ಪತ್ತು ಕಂಬಳಿಗಳು ಶಾಲೆಯೊಳಗೆ ಬಂದು ಕುಳಿತವು. ‘ನಾನು ಕರೆಸಲಿಲ್ಲ, ತಾವಾಗಿಯೇ ಬಂದಿದ್ದಾರೆ’ ಎಂದು ಮಾಸ್ತರರು ತಮಗೆ ತಾವೇ ಹೇಳಿಕೊಂಡರು. ಆದರೆ ಕೈ ಆಗಲೇ ಹಾಜರಿ ಪುಸ್ತಕ ತೆಗೆದು, ಬಾರದ ಮಕ್ಕಳ ಹೆಸರುಗಳನ್ನು ಬಂದ ಮಕ್ಕಳಿಗೆ ಹಂಚುತ್ತಿತ್ತು. “ನೀ ಸಿದ್ದರಾಯ. ನೀ ಕರೆಪ್ಪ. ಹೆಸರು ಕರದಾಗ ‘ಹಾಜರ್’ ಅನಬೇಕು, ತಿಳೀತಿಲ್ಲ?” ಹಸಿದವನು ಸುಳ್ಳನ್ನೂ ಉಣ್ಣುತ್ತಾನೆ, ಮಾಸ್ತರರದು ಮಾತಿನ ಹಸಿವು.

ಎಣಿಸಿದರೆ ಮೂವತ್ತೊಂಬತ್ತು.

“ಒಂದು ತಲಿ ಕಡಿಮಿ!” ಮಾಸ್ತರರು ಹಣೆ ಹಣೆ ಬಡಿದುಕೊಂಡರು.

ಹಾಲಿಗೆಂದು ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಮುದುಕಿ ಹಾಜಿರಾಬಿ ಕೇಳಿದಳು, “ನಂದೂ ತಲಿನ ಅಲ್ಲೇನೋ ಬೇಟಾ?” ಉತ್ತರಕ್ಕೂ ಕಾಯದೆ ಒಳಗೆ ಬಂದು ಹಿಂದಿನ ಸಾಲಿನಲ್ಲಿ ಸೆರಗು ಮುಂದಕ್ಕೆಳೆದುಕೊಂಡು ಕುಳಿತುಬಿಟ್ಟಳು. ಅವಳಿಗೆ ಎರಡನೇ ಇಯತ್ತೆಯ ಸಾವಂತ್ರವ್ವ ಎಂದು ಹೆಸರಾಯಿತು. ಚಕ್ಕಡಿಯ ಗೆಜ್ಜೆ ಕೇಳಿಸುತ್ತಿತ್ತು, ಬೇಡವೆನ್ನಲು ಹೊತ್ತಿರಲಿಲ್ಲ.

ಸಾಹೇಬರು ಕನ್ನಡಕ ಏರಿಸಿ, ತುಂಬಿದ ಶಾಲೆಯನ್ನು ನೋಡಿ ಹುಬ್ಬು ಹಾರಿಸಿದರು. ಪ್ರಾರ್ಥನೆ ಆರಂಭವಾಯಿತು. ಎರಡನೇ ಸಾಲಿಗೆ ಬಂದಾಗ ಒಂದು ಕಂಬಳಿಯೊಳಗಿಂದ “ಬ್ಯಾ” ಎಂದು ಕೇಳಿಸಿತು.

“ಯಾರದು?” ಎಂದರು ಸಾಹೇಬರು.

“ನೆಗಡಿ ಆಗೈತ್ರಿ ಹುಡುಗರಿಗೆ,” ಎಂದರು ಮಾಸ್ತರರು. ನೆಗಡಿ ಇನ್ನೆರಡು ಸಲ ಕೂಗಿ ಸುಮ್ಮನಾಯಿತು.

ಹಾಜರಿ ಶುರುವಾಯಿತು. “ಕರೆಪ್ಪ” ಎನ್ನುತ್ತಲೇ ಇಪ್ಪತ್ತು ಕಂಬಳಿಗಳು ಒಟ್ಟಿಗೆ “ಹಾಜರ್!” ಎಂದವು. “ಸಿದ್ದರಾಯ” ಎಂದರೂ ಇಪ್ಪತ್ತು. ಹಟ್ಟಿಯ ಮಕ್ಕಳಿಗೆ ಯಾವುದನ್ನೂ ಒಬ್ಬೊಬ್ಬರೇ ಮಾಡಿ ರೂಢಿಯಿರಲಿಲ್ಲ. ಸಾಹೇಬರು ಪುಸ್ತಕ ಮುಚ್ಚಿ ಎದ್ದು ಸಾಲುಗಳ ನಡುವೆ ನಡೆಯತೊಡಗಿದರು. ಹಿಂದಿನ ಸಾಲಿನ ಸೆರಗಿನ ಮುಂದೆ ನಿಂತರು.

“ಎಷ್ಟನೇ ಇಯತ್ತೆ?”

“ಎರಡನೇದ್ರಿ,” ಎಂದಿತು ಸೆರಗಿನೊಳಗಿನ ಬೊಚ್ಚುಬಾಯಿ.

“ಇಷ್ಟು ದೊಡ್ಡಾಕಿ?”

“ನಾಪಾಸಾಗೇನ್ರಿ ಸಾಬ್.”

“ಎಷ್ಟು ಸಲ?”

“ಲೆಕ್ಕ ತಪ್ಪೈತ್ರಿ.”

ಸಾಹೇಬರು ಕಂಬಳಿಯೊಳಗೆ ಮರಿ ಅವುಚಿಕೊಂಡಿದ್ದ ಹುಡುಗನ ಬಳಿ ಬಂದರು. “ನಿನ್ನ ಹೆಸರೇನಪಾ?”

“ಬೀರಪ್ಪ ರೀ.”

“ಪುಸ್ತಕದಾಗ ಸಿದ್ದರಾಯ ಅಂತ ಐತಲ್ಲ?”

“ಅದು ಇವತ್ತಿಂದ್ರಿ,” ಎಂದ ಬೀರಪ್ಪ, “ಹಾಲು ಕುಡಿಯೂತನಕ.”

ಮಾಸ್ತರರಿಗೆ ನೆಲ ಬಾಯಿ ತೆರೆದರೆ ಸಾಕೆನಿಸಿತು. ಎರೆಹೊಲ ಬೇಸಗೆಯಲ್ಲಿ ಬಾಯಿ ಬಿಡುತ್ತದೆ, ಅಂದು ಬಿಡಲಿಲ್ಲ. ಸಾಹೇಬರು ಮಾತ್ರ ಬೀರಪ್ಪನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತರು. “ನಿಮ್ಮವು ಎಷ್ಟು ಕುರಿ?”

“ನೂರಾ ಇಪ್ಪತ್ತಾರಿದ್ದೂರಿ. ನಿನ್ನೆ ಎರಡು ಮರಿ ಹುಟ್ಯಾವ, ಒಂದನ್ನ ತೋಳ ಒಯ್ತು. ನೂರಾ ಇಪ್ಪತ್ತೇಳ್ರಿ.” ಉಸಿರು ತೆಗೆದುಕೊಳ್ಳದೆ ಹೇಳಿದ. ಶಾಲೆಯ ಹತ್ತೊಂಬತ್ತು ಮಕ್ಕಳು ಇನ್ನೂ ಬೆರಳು ಮಡಿಸುತ್ತಿದ್ದರು.

ಸಾಹೇಬರು ಎದ್ದು ಮಾಸ್ತರರ ಕಡೆ ತಿರುಗಿದರು. “ಏನಿದು, ತುಕಾರಾಮ?”

ಮೂರು ವರ್ಷದ ಮೇಲೆ ತಮ್ಮ ಹೆಸರು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು. ಅದೂ ಬಯ್ಯುವ ಧ್ವನಿಯಲ್ಲಿ. ಮಾಸ್ತರರು ಕೈ ಮುಗಿದರು. “ತಪ್ಪಾತ್ರಿ ಸಾಹೇಬ್ರ. ಇವರು ನಮ್ಮ ಸಾಲಿ ಮಕ್ಕಳಲ್ಲ. ಎರಡನೇ ಮಾಸ್ತರ ಬೇಕಾಗಿತ್ರಿ.”

“ಯಾಕ? ಕೆಲಸ ಭಾಳ ಆಗಾಕತ್ತೈತೇನು?”

“ಕೆಲಸಕ್ಕಲ್ರಿ.” ಮಾಸ್ತರರು ನೆಲ ನೋಡಿದರು. “ಮಾತಾಡಾಕ್ರಿ.”

ಮರಿಯೂ ಕೂಗಲಿಲ್ಲ. ಸಾಹೇಬರು ಕನ್ನಡಕ ತೆಗೆದು ಧೋತರದ ತುದಿಯಿಂದ ಬಹಳ ಹೊತ್ತು ಒರೆಸಿದರು. “ನಾನೂ ಒಂಟಿ ಸಾಲ್ಯಾಗ ಆರು ವರ್ಷ ತಗದೇನಿ,” ಎಂದರು ಮೆಲ್ಲಗೆ. “ರಾತ್ರಿ ಬೆಕ್ಕಿಗೆ ಮಗ್ಗಿ ಕಲಸತಿದ್ದೆ. ನಿಮ್ಮ ತ್ರಾಸು ನನಗ ಗೊತ್ತೈತಿ. ಇದಕ್ಕೊಂದು ದಾರಿ ಮಾಡ್ತೇನಿ.”

ಭೇಟಿ ಪುಸ್ತಕ ತರಿಸಿಕೊಂಡು ಒಂದು ಪುಟ ತುಂಬ ಬರೆದರು. “ನಾ ಹೋದಮ್ಯಾಲೆ ಓದ್ರಿ,” ಎಂದು ಬೆನ್ನು ತಟ್ಟಿ ಚಕ್ಕಡಿ ಹತ್ತಿದರು.

ಆಮೇಲಿನದು ಹಬ್ಬ. ಮಾಸ್ತರರು ಕೊಡ ತುಂಬ ಪುಡಿಹಾಲು ಕಲಸಿ ಹಂಚಿದರು. ಹಾಜಿರಾಬಿ ಎರಡು ತಂಬಿಗೆ ಒಯ್ದಳು. ಅಮೋಘಿ ಒಂದು ಗುಟುಕು ಬಾಯಿಗೆ ಹಾಕಿ, ಮುಖ ಹಿಂಡಿ, “ಕುರಿಗೆ ಅಂಜಿಕಿ ಇಲ್ಲ ಬಿಡ್ರಿ” ಎಂದು ನೆಮ್ಮದಿಯಿಂದ ಹಟ್ಟಿಗೆ ಮರಳಿದ. ಮಾಸ್ತರರು ಹಲಗೆಯ ಬಲಭಾಗದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದರು: ‘ಎರಡನೇ ಮಾಸ್ತರರ ಆಗಮನ.’ ತಮ್ಮ ಮೂಲೆಯ ಪಕ್ಕದಲ್ಲಿ ಇನ್ನೊಂದು ಹಾಸಿಗೆಗೆ ಜಾಗ ಅಳೆದರು. ಬರುವವನಿಗೆ ಚಹಕ್ಕೆ ಸಕ್ಕರೆ ಜಾಸ್ತಿ ಬೇಕೋ ಕಡಿಮೆಯೋ ಎಂಬ ವಿಚಾರ ಬಂತು. ಸಂಜೆಗೆ ಪರಸವ್ವ ಬಂದು, “ಏನು ಬರದಾರ ಸಾಹೇಬ್ರು, ಓದ್ರಿ” ಎಂದಾಗಲೇ ಭೇಟಿ ಪುಸ್ತಕದ ನೆನಪಾದದ್ದು.

ಮಾಸ್ತರರು ಗತ್ತಿನಿಂದ ಓದಿದರು: “‘ಈ ಗ್ರಾಮದಲ್ಲಿ ಒಬ್ಬನೇ ಶಿಕ್ಷಕನನ್ನು ಇಡುವುದು ಅವನ ಮನಸ್ಸಿಗೆ ಹಾನಿಕರವೆಂದು ಕಂಡುಬಂದಿದೆ. ಇನ್ನು ಮುಂದೆ ಇಲ್ಲಿ ಇಬ್ಬರು ಶಿಕ್ಷಕರು ಇರತಕ್ಕದ್ದು.’”

“ಬಂತಲ್ರಿ ನಿಮ್ಮ ಎರಡನೇ ಮಾಸ್ತರ!” ಪರಸವ್ವ ಕೈ ತಟ್ಟಿದಳು.

“‘ಕುರಿಗಾರರ ಮಕ್ಕಳು ಗಣಿತದಲ್ಲಿ ಬಹಳ ಚುರುಕಾಗಿದ್ದಾರೆ. ಅವರಿಗಾಗಿ ಹಟ್ಟಿಯಲ್ಲಿಯೇ ಒಂದು ತಾತ್ಕಾಲಿಕ ಏಕೋಪಾಧ್ಯಾಯ ಶಾಲೆ ತೆರೆಯತಕ್ಕದ್ದು. ಶ್ರೀ ತುಕಾರಾಮ ಇವರು ಸದರಿ ಮಕ್ಕಳನ್ನು ಒಂದೇ ಮುಂಜಾನೆಯಲ್ಲಿ ಶಾಲೆಗೆ ತಂದಿರುತ್ತಾರೆ. ಜನರ ಸಂಗವನ್ನು ಬಹಳವಾಗಿ ಬಯಸುವವರೂ ಆಗಿರುತ್ತಾರೆ. ಆದ್ದರಿಂದ ಸದರಿ ಶಾಲೆಗೆ...’” ಮಾಸ್ತರರ ಧ್ವನಿ ಅಲ್ಲಿಗೆ ನಿಂತಿತು.

“ಸದರಿ ಶಾಲೆಗೆ ಏನ್ರಿ?”

“ನಾನ,” ಎಂದರು ಮಾಸ್ತರರು.

ಹದಿನೈದು ದಿನಕ್ಕೆ ಹೊಸ ಮಾಸ್ತರರು ಬಂದರು, ಶಾಂತಪ್ಪ ಮತ್ತು ಸಾಬಣ್ಣ. ಇಬ್ಬರೂ ಟಿಕೋಟಾದವರು, ಒಂದೇ ಓಣಿಯವರು. ಚಕ್ಕಡಿಯಿಂದ ಇಳಿಯುವಾಗಲೇ “ಲೇ ಸಾಬ್ಯಾ, ನನ್ನ ಟ್ರಂಕಿನ ಮ್ಯಾಲೆ ಯಾಕ ಕುಂತಿದ್ದಿಲೇ?” ಎಂದು ಒಬ್ಬ, “ನಿನ್ನ ಟ್ರಂಕೇನು ಸಿಂಹಾಸನೇನಲೇ ಶಾಂತ್ಯಾ?” ಎಂದು ಇನ್ನೊಬ್ಬ. ಆ ಬಯ್ಗುಳಗಳು ತುಕಾರಾಮ ಮಾಸ್ತರರ ಕಿವಿಗೆ ಸಂಗೀತದಂತೆ ಕೇಳಿಸಿದವು, ಅಷ್ಟೇ ಹೊಟ್ಟೆ ಉರಿಸಿದವು. ಇವರನ್ನು ಕಂಡದ್ದೇ ಇಬ್ಬರೂ ಜಗಳ ನಿಲ್ಲಿಸಿ ಕೈ ಮುಗಿದು, “ಬರ್ರಿ ಗುರುಗಳ” ಎಂದು ನೆಟ್ಟಗೆ ನಿಂತರು. ಮಾಸ್ತರರು ಬೀಗದ ಕೈ ಕೊಟ್ಟು, ಒಂದು ಸಣ್ಣ ಹಲಗೆ ಹೆಗಲಿಗೇರಿಸಿ ಹೊರಟರು.

ಹಟ್ಟಿ ಅಷ್ಟರಲ್ಲಿ ಅರಕೇರಿಯ ಕಡೆ ಸರಿದಿತ್ತು. ಹುಡುಕಿಕೊಂಡು ಮುಟ್ಟುವಾಗ ಬಿಸಿಲೇರಿತ್ತು. ಬಿಡಾರದಲ್ಲಿ ನಾಲ್ಕು ಕಂಬಳಿ, ಆರಿದ ಒಲೆ, ಗೂಟಕ್ಕೆ ಕಟ್ಟಿದ ಒಂದು ನಾಯಿ. ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದ ಅಮೋಘಿ ಒಬ್ಬನೇ ಕಂಡ.

“ಮಕ್ಕಳೆಲ್ಲಿ ಅಮೋಘಿ? ಸಾಲಿ ಸುರು ಮಾಡಬೇಕು.”

“ಮರಿ ಕಾಯಾಕ ಹೋಗ್ಯಾರ್ರಿ. ಹೊತ್ತು ಮುಳುಗಿದ ಮ್ಯಾಲೆ ಬರ್ತಾರ, ಉಂಡು ಬಿದ್ಕೋತಾರ. ಅವತ್ತು ಹಾಲಿನ ಚಮತ್ಕಾರ ನೋಡಾಕ ಬಂದಿದ್ರು.”

“ಹೆಂಗಸರು?”

“ಸುಗ್ಗಿ ಕೂಲಿಗೆ ಹೋಗ್ಯಾರ್ರಿ.”

“ಮತ್ತ ಹಗಲೆಲ್ಲ ಇಲ್ಲಿ ಯಾರಿರ್ತಾರ?”

“ಈ ನಾಯಿ ಇರ್ತಿತ್ರಿ, ಬಿಡಾರ ಕಾಯಾಕ.” ಅಮೋಘಿಯ ಮುಖ ಅರಳಿತು. ಕೈ ಮುಗಿದು, ಬಹಳ ಗೌರವದಿಂದ ಒಂದು ಕಂಬಳಿ ಹಾಸಿದ. “ದೇವರು ಬಂದಂಗ ಬಂದ್ರಿ ನೋಡ್ರಿ ಮಾಸ್ತರ. ತೋಳದ ಕಾಟ ಭಾಳ ಆಗೈತಿ. ನೀವು ಇಲ್ಲೇ ಕುಂತಿರಿ ಅಂದ್ರ ನಾಯಿನೂ ಬಿಚ್ಚಿ ಕರಕೊಂಡು ಹೋಗ್ತೇನಿ.”

ಮಾಸ್ತರರು ಕಂಬಳಿಯ ಮೇಲೆ ಕುಳಿತರು. ಹಗ್ಗ ಬಿಚ್ಚಿದ ನಾಯಿ ಬಾಲ ಎತ್ತಿ ಕುರಿಗಳಿದ್ದ ದಿಕ್ಕಿಗೆ ಓಡಿತು. ಒಂದು ಸಲವೂ ಹಿಂತಿರುಗಿ ನೋಡಲಿಲ್ಲ.