ರವಾನೆ ವಿಭಾಗದ ನವಿಲು ಚೀಟಿಗಳು

೨೦೦೪ರ ಆಗಸ್ಟ್ ತಿಂಗಳಲ್ಲಿ, ದೆಹಲಿಯ ವಸಂತ್ ಕುಂಜ್‌ನಲ್ಲಿದ್ದ ಮಾದಕವಸ್ತು ಅರಿವು ಮಂಡಳಿಯಲ್ಲಿ ಯಾರೂ ಮಾದಕವಸ್ತು ಸೇವಿಸಲಿಲ್ಲ ಎಂಬುದು ದಾಖಲೆಗಳಿಂದ ಸಾಬೀತಾಗಿದೆ.

ಆ ತಿಂಗಳ ವಸ್ತುಪ್ರದರ್ಶನಕ್ಕೆಂದು ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮಾದಕವಸ್ತು ಹೀರಿಸಿದ ಕಾಗದದ ಮಾದರಿಗಳು ಮಂಡಳಿಗೆ ಬಂದಿದ್ದವು. ಪುಟ್ಟ ಚೌಕಗಳು, ಅಂಚಿಗೆ ತೂತುಗಳು, ಮೇಲೆ ನವಿಲಿನ ಚಿತ್ರ. ಉಗ್ರಾಣದ ನಮೂನೆಯಲ್ಲಿ 'ಮಾದಕವಸ್ತು' ಎಂಬ ಕಾಲಂ ಇಲ್ಲದ ಕಾರಣ ಅವನ್ನು 'ಅಂಚೆಚೀಟಿ' ಎಂದು ನಮೂದಿಸಿ ರವಾನೆ ವಿಭಾಗಕ್ಕೆ ಕಳಿಸಲಾಯಿತು.

ರವಾನೆ ಗುಮಾಸ್ತ ದೇವೇಂದ್ರಪ್ಪ ದಾವಣಗೆರೆ ಕಡೆಯವರು. ಇಪ್ಪತ್ತೆರಡು ವರ್ಷಗಳಿಂದ ಚೀಟಿಗಳನ್ನು ನಾಲಿಗೆಗೆ ಒತ್ತಿಯೇ ಅಂಟಿಸುತ್ತಿದ್ದರು. ಅಂದು 'ಮಾದಕವಸ್ತುವಿನಿಂದ ದೂರವಿರಿ' ಎಂಬ ಕರಪತ್ರದ ಲಕೋಟೆಗಳಿಗೂ ಹಾಗೇ ಮಾಡಿದರು. ಒಂದೂ ಅಂಟಲಿಲ್ಲ. ಸರಕಾರಿ ಗೋಂದು ಇರುವುದೇ ಹೀಗೆ ಎಂದುಕೊಂಡು ಎರಡನೇ ಸಲವೂ ನೆಕ್ಕಿದರು.

ಒಂದು ಗಂಟೆಯ ಮೇಲೆ ಗೋಡೆ ಉಸಿರಾಡತೊಡಗಿತು. ಕಡತಗಳು ತಾವಾಗಿಯೇ ಮೇಜಿನಿಂದ ಮೇಜಿಗೆ ಹೊರಟವು. ಸೇವಾವಧಿಯಲ್ಲಿ ಇಂಥದ್ದನ್ನು ಕಂಡೇ ಇರದ ದೇವೇಂದ್ರಪ್ಪ ಬೆವತು, ಎದೆ ಹಿಡಿದುಕೊಂಡು, ಅವುಗಳ ಹಿಂದೆಯೇ ಹೋಗಿ ಮೂರನೇ ಮಹಡಿಯ ಕಿಟಕಿ ಹತ್ತಿದರು. ಕರಪತ್ರ ಬರೆದಿದ್ದ ಸಂಶೋಧಕಿ ಧಾರಿಣಿ ಓಡಿಬಂದು ಅವರ ಬೆಲ್ಟು ಹಿಡಿದು ಒಳಗೆಳೆದರು.

"ಮೇಡಂ, ನಾನು ಸಾಯ್ತಿದೀನಾ?"

"ಇಲ್ಲ. ನಾನಿಲ್ಲೇ ಕೂತಿರ್ತೀನಿ. ಕೈ ಬಿಡಬೇಡಿ."

ಬಂದ ಡಾಕ್ಟರು ನಾಡಿ ನೋಡಿ, "ಅಚ್ಛಾ, ಏನು ಸೇವಿಸಿದ್ದಾರೆ, ಬರೆದುಕೊಡಿ" ಎಂದು ಹಿಂದಿಯಲ್ಲಿ ಕೇಳಿದರು. ಮೇಜಿನ ಮೇಲಿದ್ದ ನವಿಲು ಚೀಟಿಗಳನ್ನು ಗುರುತಿಸಿದ ಧಾರಿಣಿ, ಒಂದು ಕೈಯಲ್ಲಿ ದೇವೇಂದ್ರಪ್ಪನವರನ್ನು ಹಿಡಿದುಕೊಂಡೇ, ಮಂಗಳೂರು ಕಡೆಯವರಾದ ನಿರ್ದೇಶಕ ಚಂದ್ರಮೋಹನರಿಗೆ ಇಂಟರ್‌ಕಾಮ್‌ನಲ್ಲಿ ವಿಷಯ ತಿಳಿಸಿದರು.

"ಸೇವನೆ ಅಂತ ಬರೆದರೆ ಮಂಡಳಿಯನ್ನೇ ಮುಚ್ಚಬೇಕಾಗುತ್ತಮ್ಮ," ಎಂದರು ಚಂದ್ರಮೋಹನ. "ಅವರು ಸೇವಿಸಿಲ್ಲ, ಅಂಟಿಸಿದ್ದಾರೆ."

"ಡಾಕ್ಟರಿಗೆ ಏನು ಹೇಳಲಿ ಸಾರ್?"

"ಅಂಚೆಚೀಟಿ ಅಂತ ಹೇಳಿ."

ಧಾರಿಣಿ ಎಲ್‌ಎಸ್‌ಡಿ ಎಂದೇ ಬರೆದುಕೊಟ್ಟರು. ಸರಿಯಾದ ಚಿಕಿತ್ಸೆ ಸಿಕ್ಕಿ ದೇವೇಂದ್ರಪ್ಪ ಉಳಿದುಕೊಂಡರು. ಪೂರ್ವಾನುಮತಿ ಇಲ್ಲದೆ ಸತ್ಯ ನುಡಿದದ್ದಕ್ಕೆ ಧಾರಿಣಿಯವರಿಗೆ ಮೆಮೊ ಬಂತು.

ವಿಚಾರಣಾ ಸಮಿತಿಯು ಮೂರು ಸಭೆ ನಡೆಸಿ ಸುತ್ತೋಲೆ ಹೊರಡಿಸಿತು: "ಕಡತಗಳು ಚಲಿಸುತ್ತಿರುವಂತೆ ಕಂಡಲ್ಲಿ ಸಿಬ್ಬಂದಿಯು ಅದನ್ನು ಭ್ರಮೆಯೆಂದು ಪರಿಗಣಿಸಿ ಕೂಡಲೇ ಲಿಖಿತವಾಗಿ ವರದಿ ಮಾಡತಕ್ಕದ್ದು. ಅಂಥವರಿಗೆ ಮೂರು ದಿನಗಳ ವಿಶೇಷ ರಜೆ ಮಂಜೂರು ಮಾಡಲಾಗುವುದು."

ದೇವೇಂದ್ರಪ್ಪ ಮತ್ತೆ ಕಿಟಕಿಯ ಪಕ್ಕ ಕೂರಲಿಲ್ಲ. ಗೋಡೆ ನೋಡಿದರೆ ಒಮ್ಮೊಮ್ಮೆ ಎದೆ ಝಲ್ಲೆನ್ನುತ್ತಿತ್ತು. ಕಡತಗಳು ಮಾತ್ರ ಇದ್ದಲ್ಲೇ ಇದ್ದವು.

ಐದು ವರ್ಷಗಳಲ್ಲಿ ಆ ರಜೆ ಕೋರಿ ಒಂದು ಅರ್ಜಿಯೂ ಬಾರದ ಕಾರಣ, ಕಚೇರಿಯು ಸಂಪೂರ್ಣ ಮಾದಕವಸ್ತುಮುಕ್ತವಾಗಿದೆ ಎಂದು ವಾರ್ಷಿಕ ವರದಿಯಲ್ಲಿ ಘೋಷಿಸಲಾಯಿತು. ಎಲ್ಲರೂ ಸಹಿ ಹಾಕಿದರು. ಧಾರಿಣಿಯವರೂ ಹಾಕಿದರು.