ಒಲೆ ಇಲ್ಲದ ಅಡುಗೆಮನೆ

"ಅಡಗಿಮನಿ ಅಂತೀಯಲ್ಲ ತಮ್ಮಾ, ಒಲಿ ಎಲ್ಲೈತಿ?"

ಸರೋಜವ್ವ ನುಣುಪಾದ ಕಲ್ಲುಕಟ್ಟೆಯನ್ನು ಮತ್ತೊಮ್ಮೆ ಸವರಿ ನೋಡಿದರು. ಸವಣೂರಿನಲ್ಲಿ ಖಾರದ ಕುರುಕಲು ಕರಿದು ಮಾರಿ ಬದುಕು ಕಟ್ಟಿಕೊಂಡ ಹೆಂಗಸು. ಈಗ ಮಾಳಿಗೆಯ ಮೇಲಿನ ತನ್ನ ಮನೆಗೆ ಹತ್ತಲು ಮೊಣಕಾಲು ಒಲ್ಲೆ ಎನ್ನುತ್ತಿತ್ತು. ಮಗಳ ಮನೆಗೆ ಹೋಗಲು ಮನಸ್ಸು ಒಲ್ಲೆ ಎನ್ನುತ್ತಿತ್ತು. ಅದಕ್ಕೇ ನೆರೆಮನೆಯ ಗೆಳತಿ ನುಜಹತಳನ್ನು ಕರೆದುಕೊಂಡು, ಹುಬ್ಬಳ್ಳಿಯಲ್ಲಿ ಹಿರಿಯರಿಗಾಗಿಯೇ ಕಟ್ಟಿದ 'ಸ್ವತಂತ್ರ ಬದುಕು' ಮನೆಗಳನ್ನು ನೋಡಲು ಬಂದಿದ್ದರು. ಲಿಫ್ಟಿನಲ್ಲಿ ಮೇಲೆ ಕರೆತಂದು ತೋರಿಸುತ್ತಿದ್ದವನು ಮ್ಯಾನೇಜರ್ ರುದ್ರೇಶ.

ರುದ್ರೇಶ: ಬೆಂಕಿ ಅಪಾಯರೀ ಅವ್ವಾರ. ಊಟ ಕೆಳಗಿಂದ ಬರ್ತೈತಿ. ಉಪ್ಪಿಲ್ಲ, ಖಾರಿಲ್ಲ, ಎಣ್ಣಿ ಇಲ್ಲ.

ಸರೋಜವ್ವ: ಮತ್ತ ಬರೋದೇನು?

ರುದ್ರೇಶ: ಆರೋಗ್ಯರೀ!

ನುಜಹತ: ರೊಟ್ಟಿಗೆ ಅದನ್ನ ಹಚ್ಕೊಂಡು ತಿನ್ನೋದೇನು?

ಸರೋಜವ್ವ: ಸಂಜೀಕ ಹೊರಗ ಅಡ್ಡಾಡಾಕ?

ರುದ್ರೇಶ: ಧಾರಾಳ ಹೋಗ್ರಿ! ಹಿಂದಿನ ದಿನ ಹೇಳಬೇಕು. ಮಗಳು ಫೋನಿನ್ಯಾಗ ಹೂಂ ಅನ್ನಬೇಕು. ಜೋಡಿ ನಮ್ಮ ನರ್ಸ್ ಬರ್ತಾಳ.

ಸರೋಜವ್ವ: ನನ್ನ ಲಗ್ನಕ್ಕೂ ಇಷ್ಟು ಮಂದೀನ್ನ ಕೇಳಿರಲಿಲ್ಲೋ!

ನುಜಹತ: ನಾ ಬಂದು ಈಕಿ ಜೋಡಿ ನಾಕ ದಿನ ಇದ್ರ?

ರುದ್ರೇಶ: ಬರ್ರಿ! ಭೇಟಿ ಕೋಣಿ ಕೆಳಗೈತಿ. ಅರ್ಧ ತಾಸು ಕುಂತು ಮಾತಾಡ್ರಿ.

ನುಜಹತ: ನಡುವ ಕಂಬಿ ಇರ್ತಾವೇನು?

ರುದ್ರೇಶ ಮಾತು ಮರೆಸಲು ಬಚ್ಚಲುಮನೆಯ ಬಾಗಿಲು ತೆರೆದ. ಗೋಡೆಯಲ್ಲಿ ಕೆಂಪು ಹಗ್ಗ ಜೋಲುತ್ತಿತ್ತು.

ಸರೋಜವ್ವ: ಇದು ಸೀರಿ ಒಣ ಹಾಕಾಕೇನು?

ರುದ್ರೇಶ: ಅಲ್ರಿ, ಜಾರಿ ಬಿದ್ರ ಇದನ್ನ ಎಳೀಬೇಕು. ಎಳದ ಕೂಡಲೇ ನಮ್ಮ ಮಂದಿ ಓಡಿ ಬರ್ತಾರ. ನೋಡ್ರಿ!

ಎಳೆದ. ಮೂವರೂ ಬಾಗಿಲ ಕಡೆ ನೋಡುತ್ತ ನಿಂತರು. ಯಾರೂ ಬರಲಿಲ್ಲ.

ರುದ್ರೇಶ: ಈಗ ಊಟದ ಹೊತ್ತರೀ.

ನುಜಹತ: ಹಂಗಾರ ಉಂಡ ಮ್ಯಾಲೆ ಬೀಳಬೇಕಾತು.

ಸರೋಜವ್ವ ಮಂಚದ ಮೇಲೆ ಕುಸಿದು ಕುಳಿತರು. ಇಷ್ಟು ದಿನ ಇಟ್ಟುಕೊಂಡಿದ್ದ ಆಸೆ ಕೈಜಾರಿದಂತಾಗಿತ್ತು.

ಸರೋಜವ್ವ: ನಿಮ್ಮವ್ವ ಅದಾಳೇನಪಾ?

ರುದ್ರೇಶ: ನಮ್ಮೂರು ದುಂಡಸಿಯೊಳಗ ಒಬ್ಬಾಕೀನ ಅದಾಳ್ರಿ.

ಸರೋಜವ್ವ: ಇಲ್ಲಿಗೆ ಯಾಕ ಕರಕೊಂಡ ಬಂದಿಲ್ಲ?

ರುದ್ರೇಶ ಅತ್ತಿತ್ತ ನೋಡಿ ದನಿ ತಗ್ಗಿಸಿದ.

ರುದ್ರೇಶ: ಎಷ್ಟು ಹೇಳಿದ್ರೂ ಕೇಳಂಗಿಲ್ರಿ. ಬೇಕಾದ್ದು ಮಾಡ್ಕೊಂಡು ಉಣ್ತಾಳ. ಮನಸ್ ಬಂದ್ರ ಬಸ್ ಹತ್ತಿ ಶಿಗ್ಗಾವಿಗೆ ಹೊಕ್ಕಾಳ. ಓಣಿ ಹೆಂಗಸರನ್ನೆಲ್ಲಾ ಕೂಡಿಸ್ಕೊಂಡು ಕಟ್ಟಿ ಮ್ಯಾಲೆ ಹರಟಿ. ಆಕೀಗೆ ಹೇಳೋರಿಲ್ಲ, ಕೇಳೋರಿಲ್ಲ!

ಸರೋಜವ್ವನ ಮುಖ ಅರಳಿತು. ಮಂಚದಿಂದೆದ್ದು ಚಪ್ಪಲಿ ಮೆಟ್ಟಿದರು.

ಸರೋಜವ್ವ: ನಿಮ್ಮವ್ವಗ ಫೋನ್ ಹಚ್ಚು ತಮ್ಮಾ. ಆಕಿ ಬಾಜೂಕ ಯಾವುದಾರ ಮನಿ ಖಾಲಿ ಐತೇನು ಕೇಳು.